1368: ಒಂದು ವರ್ಷಕ್ಕೆ ಹನ್ನೆರಡು ಪಟ್ಟಿ

ಎಂಟು ಅಡಿ ಉದ್ದದ ಒಂದು ಹಲಗೆ. ಅದರ ಮೇಲೆ ಅಡ್ಡಕ್ಕೆ ಹನ್ನೆರಡು ಮರದ ಪಟ್ಟಿಗಳು, ಒಂದರ ಕೆಳಗೊಂದು. ಪ್ರತಿ ಪಟ್ಟಿಯೂ ಒಂದೊಂದು ನಾಡಿನ ಕಾಲಗಣನೆ. ಎಲ್ಲ ಪಟ್ಟಿಗಳೂ ತೋರಿಸುವುದು ಕ್ರಿ.ಶ. 1368ನ್ನೇ. ಮೇಲಂಚಿನಿಂದ ಕೆಳಂಚಿನವರೆಗೆ ಉದ್ದವಿರುವ ಆಕ್ರಿಲಿಕ್‌ನ ಒಂದು ಕಿರಿದಾದ ತುಂಡು ಎಡಕ್ಕೂ ಬಲಕ್ಕೂ ಸರಿದಾಡುತ್ತದೆ. ಅದರ ನಡುವೆ ಒಂದು ಕೆಂಪು ಗೆರೆ. ಗೆರೆಯನ್ನು ಯಾವ ದಿನದ ಮೇಲೆ ನಿಲ್ಲಿಸಿದರೂ, ಆ ದಿನವನ್ನು ವಿಜಯನಗರದಲ್ಲಿ, ಕಲಬುರಗಿಯಲ್ಲಿ, ಫ್ಲಾರೆನ್ಸ್‌ನಲ್ಲಿ, ಚೀನಾದಲ್ಲಿ, ಇಥಿಯೋಪಿಯಾದಲ್ಲಿ ಹೇಗೆ ಬರೆಯುತ್ತಿದ್ದರು ಅಂತ ಒಟ್ಟಿಗೆ ಓದಬಹುದು. ನಮ್ಮೂರಿನ ವಾಚನಾಲಯದ ಗೋಡೆಗಾಗಿ ಇದನ್ನು ಮಾಡಿದೆ. ಹೇಗೆ ಮಾಡಿದೆ ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬೇರೆ ಯಾರಾದರೂ ಬೇರೆ ವರ್ಷಕ್ಕೆ ಇಂಥದ್ದೇ ಮಾಡಬೇಕೆಂದರೆ ಅಳತೆಗಳು ಹಾಗೇ ಉಪಯೋಗಕ್ಕೆ ಬರುತ್ತವೆ.

1368 ಯಾಕೆ? ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ಬುಕ್ಕರಾಯನ ಶಾಸನ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಬಂದಾಗ, ರಾಯ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಗೆ ಕೊಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ಒಪ್ಪಿಸಿದ ಕಥೆ ಅದು. ಪಂಚಮಹಾವಾದ್ಯ ಮತ್ತು ಕಳಶದ ಹಕ್ಕು ಜೈನರಿಗೆ ಹಿಂದಿನಂತೆಯೇ ಉಳಿಯಿತು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಇದರದೇ ಇನ್ನೊಂದು ಪ್ರತಿ ಇದೆ. ಶಾಸನದ ಕಾಲ ಶಕ 1290, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಗುರುವಾರ. ಕನ್ನಡ ನಾಡಿನಲ್ಲಿ ಇಷ್ಟು ಮುಖ್ಯವಾದ, ಇಷ್ಟು ಸ್ಪಷ್ಟವಾದ ತಾರೀಖು ಇರುವ ಕಲ್ಲುಗಳು ಅಪರೂಪ. ಅದೇ ವರ್ಷ ಚೀನಾದಲ್ಲಿ ಯುವಾನ್ ಆಳ್ವಿಕೆ ಮುಗಿದು ಮಿಂಗ್ ಶುರುವಾಯಿತು. ಕಲಬುರಗಿಯಲ್ಲಿ ಬಹಮನಿ ಸುಲ್ತಾನ ಒಂದನೇ ಮುಹಮ್ಮದ್ ಷಾ ಆಳುತ್ತಿದ್ದ. ಒಂದೇ ವರ್ಷವನ್ನು ಎಳೆ ಎಳೆಯಾಗಿ ಬಿಡಿಸಿ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ವರ್ಷ ನನಗೆ ಕಾಣಲಿಲ್ಲ.

ಅಳತೆ

ಪ್ಲೈವುಡ್ ಹಾಳೆ 8 ಅಡಿ, ಅಂದರೆ 2440 ಮಿ.ಮೀ. ಇಡೀ ವಿನ್ಯಾಸ ನಿಂತಿರುವುದು ಈ ಒಂದು ಸಂಖ್ಯೆಯ ಮೇಲೆ. ದಿನಕ್ಕೆ 5 ಮಿ.ಮೀ. ಅಂತ ಇಟ್ಟುಕೊಂಡೆ. 1368 ಅಧಿಕ ವರ್ಷ, 366 ದಿನ. ಅಲ್ಲಿಗೆ 1830 ಮಿ.ಮೀ. ಆಯಿತು. ಉಳಿದ ಜಾಗ ವ್ಯರ್ಥ ಅಲ್ಲ, ಅದೇ ಜಾಸ್ತಿ ಬೇಕಾದದ್ದು. ಯಾಕೆಂದರೆ ಹಲಗೆಯ ಹೆಚ್ಚಿನ ನಾಡುಗಳ ವರ್ಷ ಜನವರಿ 1ಕ್ಕೆ ಶುರುವಾಗಿ ಡಿಸೆಂಬರ್ 31ಕ್ಕೆ ಮುಗಿಯುವುದಿಲ್ಲ. 1367ರ ಡಿಸೆಂಬರ್ 1ರಿಂದ 1369ರ ಮಾರ್ಚ್ 31ರವರೆಗೆ ಲೆಕ್ಕ ಹಾಕಿದರೆ 487 ದಿನ, 2435 ಮಿ.ಮೀ. ಹಲಗೆಯ ಉದ್ದಕ್ಕೆ ಸರಿಯಾಗಿ ಕೂತಿತು. ಉಳಿದ 5 ಮಿ.ಮೀ. ಬಲಗಡೆಯ ಬೀಡಿಂಗ್ ಕೆಳಗೆ ಹೋಗುತ್ತದೆ.

ಅಗಲ 2 ಅಡಿ. ಪಟ್ಟಿ ಒಂದೊಂದು 40 ಮಿ.ಮೀ., ನಡುವೆ 1 ಮಿ.ಮೀ. ಸಂದು. ಮರ ಮಳೆಗಾಲದಲ್ಲಿ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಷ್ಟಾಗಿ ಉಬ್ಬುವುದಿಲ್ಲ. ಹಾಗಾಗಿ ಸಂದು ಅಡ್ಡಕ್ಕೆ ಮಾತ್ರ ಸಾಕು. ಕೆಳಗೆ ಹದಿಮೂರನೆಯದಾಗಿ ವಾರಗಳ ಪಟ್ಟಿ. ಏಳು ದಿನಕ್ಕೆ 35 ಮಿ.ಮೀ., ಭಾನುವಾರಗಳಿಗೆ ಕೆಂಪು.

ಎಲ್ಲ ಅಳತೆಯೂ ಎಡ ಅಂಚಿನಿಂದಲೇ. ಒಂದು ಗುರುತಿನಿಂದ ಮುಂದಿನ ಗುರುತಿಗೆ ಅಳೆಯುತ್ತಾ ಹೋದರೆ ಅರ್ಧ ಅರ್ಧ ಮಿಲಿಮೀಟರ್ ಸೇರಿ ಕೊನೆಗೆ ಒಂದು ದಿನವೇ ಹೋಗಿಬಿಡುತ್ತದೆ. ಉಕ್ಕಿನ ಟೇಪನ್ನು ಎರಡೂ ತುದಿಗೆ ಕ್ಲ್ಯಾಂಪ್ ಹಾಕಿ ಹಲಗೆಯ ಮೇಲೆ ಮಲಗಿಸಿಬಿಡಿ. ಚೂಪು ಚಾಕುವಿನಿಂದ ಗುರುತು ಮಾಡಿ. ಪೆನ್ಸಿಲ್ ಗೆರೆಯ ದಪ್ಪವೇ ಇಲ್ಲಿ ಎರಡು ಮೂರು ಗಂಟೆಯಷ್ಟಾಗುತ್ತದೆ.

ದಿನದ ಸಂಖ್ಯೆ

ಮರ ಕೊಯ್ಯುವ ಮೊದಲು ಲೆಕ್ಕ. ವರ್ಷದಿಂದ ವರ್ಷಕ್ಕೆ ಪರಿವರ್ತನೆ ಮಾಡುವ ದಾರಿ ಇಲ್ಲಿ ಕೆಲಸಕ್ಕೆ ಬಾರದು. ಶಕಕ್ಕೆ 78 ಕೂಡಿಸು ಅನ್ನುವುದು ಪರೀಕ್ಷೆಗೆ ಸಾಕು, ಹಲಗೆಗೆ ಸಾಲದು. ಎಲ್ಲ ನಾಡಿನವರೂ ಬದುಕಿದ್ದು ಒಂದೇ ದಿನಗಳಲ್ಲಿ ಅಲ್ವಾ? ಹಾಗಾಗಿ ದಿನವನ್ನೇ ಎಣಿಸಬೇಕು. ಖಗೋಳದವರು ಇದಕ್ಕೆ ಜೂಲಿಯನ್ ದಿನ ಸಂಖ್ಯೆ ಬಳಸುತ್ತಾರೆ. ಕ್ರಿ.ಪೂ. 4713ರ ಜನವರಿ 1ರಿಂದ ಎಡೆಬಿಡದೆ ಎಣಿಸಿಕೊಂಡು ಬಂದ ಸಂಖ್ಯೆ ಅದು. 1368ರ ಜನವರಿ 1ಕ್ಕೆ ಅದು 2220720. ಹಲಗೆಯ ಎಡ ಅಂಚು, ಅಂದರೆ 1367ರ ಡಿಸೆಂಬರ್ 1, 2220689. ಯಾವ ದಿನದ ಸಂಖ್ಯೆಯಿಂದಲೂ ಈ 2220689 ಕಳೆದು 5ರಿಂದ ಗುಣಿಸಿದರೆ ಹಲಗೆಯ ಮೇಲಿನ ಜಾಗ ಮಿಲಿಮೀಟರ್‌ನಲ್ಲಿ ಸಿಗುತ್ತದೆ. ಇಡೀ ಕೆಲಸಕ್ಕೆ ಬೇಕಾದ ಸೂತ್ರ ಇಷ್ಟೇ.

ಇದರ ಇನ್ನೊಂದು ಅನುಕೂಲ ವಾರ. ದಿನ ಸಂಖ್ಯೆಯನ್ನು 7ರಿಂದ ಭಾಗಿಸಿದಾಗ ಶೇಷ 0 ಬಂದರೆ ಸೋಮವಾರ, 1 ಬಂದರೆ ಮಂಗಳವಾರ, ಹೀಗೆ. ತಾರೀಖು ಹೇಗೇ ಬರೆಯಲಿ, ವಾರವನ್ನು ಮಾತ್ರ ನಮ್ಮವರು, ಅರಬರು, ಯೆಹೂದಿಗಳು, ಯುರೋಪಿನವರು ಎಲ್ಲರೂ ಒಂದೇ ಸರಪಳಿಯಲ್ಲಿ ಎಣಿಸಿದರು. ಅದಕ್ಕೇ ಶಾಸನದಲ್ಲಿ ವಾರ ಇದ್ದರೆ ನನಗೆ ಅಷ್ಟು ಸಂತೋಷ. ಲೆಕ್ಕ ಸರಿಯೋ ತಪ್ಪೋ ಅಂತ ಕಲ್ಲೇ ಹೇಳುತ್ತದೆ.

ಬುಕ್ಕನ ಶಾಸನವನ್ನೇ ಪರೀಕ್ಷೆಗೆ ಇಟ್ಟೆ. 1368ರ ಆಗಸ್ಟ್ 14ರ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ನಮ್ಮ ಕಡೆ ಅಮಾವಾಸ್ಯೆ ಮುಗಿದಿದೆ. ಮರುದಿನ ಸೂರ್ಯೋದಯಕ್ಕೆ ಪಾಡ್ಯ. ಅಲ್ಲಿಂದ ಎಣಿಸಿದರೆ ಆಗಸ್ಟ್ 24 ದಶಮಿ. ಆ ದಿನದ ಸಂಖ್ಯೆ 2220956. ಏಳರಿಂದ ಭಾಗಿಸಿದರೆ ಶೇಷ 3. ಗುರುವಾರ! ಕಲ್ಲಿನಲ್ಲಿ ಕಡೆದದ್ದೂ ಗುರುವಾರ. ಸಂವತ್ಸರವನ್ನೂ ನೋಡಿ: 1290ಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಶೇಷ 42. ಪ್ರಭವದಿಂದ ನಲವತ್ತೆರಡನೆಯದು ಕೀಲಕ. ಎಲ್ಲವೂ ಕೂಡಿಕೊಂಡಿತು. ಸುಮಾರು ಆರೂವರೆ ಶತಮಾನದ ಹಿಂದೆ ಆ ತಾರೀಖು ಬರೆದುಕೊಟ್ಟವರ ಲೆಕ್ಕ ಎಷ್ಟು ಕರಾರುವಾಕ್ಕು ಅನ್ನುವುದು ಪೆನ್ನು ಹಿಡಿದು ಮಾಡಿದಾಗಲೇ ಮನಸ್ಸಿಗೆ ನಾಟುವುದು.

ಒಂದು ಎಚ್ಚರಿಕೆ. ನಾನು ಕೊಡುತ್ತಿರುವ ತಾರೀಖುಗಳೆಲ್ಲ ಜೂಲಿಯನ್, ಅಂದರೆ ಆಗ ಯುರೋಪಿನಲ್ಲಿ ಬಳಕೆಯಲ್ಲಿದ್ದ ಹಳೆಯ ಪದ್ಧತಿಯವು. ಇಂದಿನ ಗ್ರೆಗೋರಿಯನ್ ಪದ್ಧತಿ ಬಂದದ್ದು 1582ರಲ್ಲಿ. ಹದಿನಾಲ್ಕನೇ ಶತಮಾನದ ಈ ಭಾಗದಲ್ಲಿ ಎರಡಕ್ಕೂ 8 ದಿನದ ವ್ಯತ್ಯಾಸ. ನಿಮ್ಮ ಮೊಬೈಲಿನ ಪಂಚಾಂಗ ಅದೇ ದಶಮಿಯನ್ನು ಸೆಪ್ಟೆಂಬರ್ 1 ಅಂತ ತೋರಿಸಬಹುದು. ಗಾಬರಿ ಬೇಡ, ವಾರ ನೋಡಿ. ಅಲ್ಲೂ ಗುರುವಾರವೇ ಇರುತ್ತದೆ.

ಕೊಯ್ಯುವುದು, ಕೂಡಿಸುವುದು

ಎರಡು ಮರ ಬಳಸಿದೆ. ಕಪ್ಪು ಛಾಯೆಗೆ ತೇಗ, ತಿಳಿ ಛಾಯೆಗೆ ಸಿಲ್ವರ್ ಓಕ್. ಪ್ರತಿ ಸಾಲಿನಲ್ಲೂ ಹಳೆಯ ವರ್ಷ ತಿಳಿ ಮರ, ಹೊಸ ವರ್ಷ ತೇಗ. ಅದಾದ ಮೇಲೆ ಇನ್ನೊಂದು ವರ್ಷ ಬಂದರೆ ಮತ್ತೆ ತಿಳಿ. ಅಂದರೆ ವರ್ಷ ಬದಲಾಗುವ ಜಾಗವೇ ಮರದ ಕೂಡು. ಬಣ್ಣದಲ್ಲಿ ತೋರಿಸಬಹುದಿತ್ತು. ಆದರೆ ಬಣ್ಣ ಮಾಸುತ್ತದೆ, ಮರದ ಕೂಡು ಮಾಸುವುದಿಲ್ಲ. ಬೆರಳಾಡಿಸಿದರೂ ಗೊತ್ತಾಗಬೇಕು ಅನ್ನುವ ಆಸೆ ಇತ್ತು. ಕಣ್ಣು ಕಾಣದವರೂ ವಾಚನಾಲಯಕ್ಕೆ ಬರುತ್ತಾರೆ. ಅದಕ್ಕೆ ತೇಗದ ತುಂಡುಗಳನ್ನು ತಿಳಿ ಮರಕ್ಕಿಂತ ಒಂದು ಮಿಲಿಮೀಟರ್ ಹೆಚ್ಚು ದಪ್ಪಗೆ ಬಿಟ್ಟೆ.

ಗರಗಸದ ಬಾಯಿ ಎರಡು ಮಿಲಿಮೀಟರ್ ತಿನ್ನುತ್ತದೆ. ಅದು ಅರ್ಧ ದಿನದ ಹತ್ತಿರ. ಹಾಗಾಗಿ ಗೆರೆಯ ಹೊರಗಡೆ ಕೊಯ್ದು, ಮೂಲೆಮಟ್ಟ ಇಟ್ಟು ನೋಡುತ್ತಾ, ಉಪ್ಪುಕಾಗದದಲ್ಲಿ ಗೆರೆಯವರೆಗೆ ಉಜ್ಜಿಕೊಂಡು ಬಂದೆ. ಪಟ್ಟಿಗಳಿಗೆ ಫೆವಿಕಾಲ್ ಹಾಕಿಲ್ಲ. ಹಲಗೆಯ ಹಿಂಬದಿಯಿಂದ ಸ್ಕ್ರೂ ಬಿಗಿದಿದ್ದೇನೆ. ಮುಂದೆ ಒಂದು ಸಾಲು ಬದಲಾಯಿಸಬೇಕಾದರೆ ಅದೊಂದನ್ನೇ ಬಿಚ್ಚಬಹುದು.

ಕೂಡುಗಳ ಜಾಗಗಳು ಇವು, ಎಡ ಅಂಚಿನಿಂದ ಮಿ.ಮೀ. ಲೆಕ್ಕದಲ್ಲಿ. ಜನವರಿ 1 ಬರುವುದು 155ಕ್ಕೆ. ಚೀನೀ ಹೊಸ ವರ್ಷ ಜನವರಿ 20, 250ಕ್ಕೆ. ಇರಾನಿನ ಜಲಾಲಿ ಪಂಚಾಂಗದ 290ನೇ ವರ್ಷ ವಿಷುವದ ದಿನ (ಹಗಲು ರಾತ್ರಿ ಸಮವಾಗುವ ದಿನ), ಆಗಿನ ಮಾರ್ಚ್ 12, 510ಕ್ಕೆ. ನಮ್ಮ ಯುಗಾದಿ ಮಾರ್ಚ್ 20 ಸೋಮವಾರ, 550ಕ್ಕೆ. ಫ್ಲಾರೆನ್ಸ್ ಮಾರ್ಚ್ 25, 575ಕ್ಕೆ. ಸೌರ ಯುಗಾದಿ, ತುಳುವರ ಬಿಸು ಮತ್ತು ತಮಿಳರ ಹೊಸ ವರ್ಷ, ಮಾರ್ಚ್ 26ರ ಸುಮಾರಿಗೆ, 580ಕ್ಕೆ. ಫ್ರಾನ್ಸ್ ಏಪ್ರಿಲ್ 9, 650ಕ್ಕೆ. ಹಿಜರಿ 770ರ ಮುಹರ್ರಂ ಮೊದಲ ದಿನ ಆಗಸ್ಟ್ 16, 1295ಕ್ಕೆ. ಇಥಿಯೋಪಿಯಾದ 1361 ಮತ್ತು ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರ 1085, ಎರಡೂ ಆಗಸ್ಟ್ 29, 1360ಕ್ಕೆ. ಕಾನ್ಸ್ಟಾಂಟಿನೋಪಲ್‌ನ ಸೃಷ್ಟಿವರ್ಷ 6877 ಸೆಪ್ಟೆಂಬರ್ 1, 1375ಕ್ಕೆ. ಯೆಹೂದಿಗಳ 5129 ಸೆಪ್ಟೆಂಬರ್ 14, 1440ಕ್ಕೆ.

ಕೂಡುಗಳನ್ನು ದೂರದಿಂದ ನೋಡಿದಾಗ ಅವು ಎರಡು ಗುಂಪಾಗಿ ನಿಲ್ಲುತ್ತವೆ. ವಸಂತದಲ್ಲಿ ಒಂದು, ಶರತ್ಕಾಲಕ್ಕೆ ಮೊದಲು ಇನ್ನೊಂದು. ಎರಡೂ ಗುಂಪುಗಳ ಅಗಲ ಹೆಚ್ಚುಕಡಿಮೆ ಒಂದೇ: 140 ಮತ್ತು 145 ಮಿ.ಮೀ. ಕಾಗದದ ಕೋಷ್ಟಕದಲ್ಲಿ ಇದು ಕಾಣುವುದೇ ಇಲ್ಲ. ಎರಡನೇ ಗುಂಪಿನಲ್ಲಿ ಹಿಜರಿ ಇರುವುದು ಮಾತ್ರ ಆ ವರ್ಷದ ಆಕಸ್ಮಿಕ. ಅದು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಎಲ್ಲ ಋತುಗಳನ್ನೂ ಸುತ್ತುತ್ತದೆ.

ಯಾವಾಗ ದಿನ ಶುರು? ಇದನ್ನೂ ಮರದಲ್ಲಿ ತೋರಿಸಿದೆ. ಹಿಜರಿ ಮತ್ತು ಯೆಹೂದಿ ದಿನ ಹಿಂದಿನ ಸಂಜೆ ಸೂರ್ಯ ಮುಳುಗಿದಾಗ ಶುರು. ನಮ್ಮದು ಸೂರ್ಯೋದಯಕ್ಕೆ. ನಡುರಾತ್ರಿಯಿಂದ ಆರು ಗಂಟೆ ಅಂದರೆ 1.25 ಮಿ.ಮೀ. ಹಿಜರಿ, ಯೆಹೂದಿ ಸಾಲುಗಳನ್ನು ಅಷ್ಟು ಎಡಕ್ಕೆ, ಶಕ ಮತ್ತು ಸೌರ ಸಾಲುಗಳನ್ನು ಅಷ್ಟು ಬಲಕ್ಕೆ ಸರಿಸಿ ಬಿಗಿದೆ. ಹತ್ತಿರ ಹೋಗಿ ನೋಡಿದರೆ ಮಾತ್ರ ಕಾಣುವ ವ್ಯತ್ಯಾಸ. ಆದರೂ ಬೇಕಿತ್ತು.

ಚಂದ್ರನ ಮೊಳೆಗಳು

ವಾರದ ಪಟ್ಟಿಯ ಮೇಲಂಚಿನಲ್ಲಿ ಪ್ರತಿ ಅಮಾವಾಸ್ಯೆಗೂ ಒಂದು ಹಿತ್ತಾಳೆ ಮೊಳೆ ಹೊಡೆದಿದ್ದೇನೆ. 487 ದಿನಕ್ಕೆ 16 ಮೊಳೆ. ಮೊಳೆಯಿಂದ ಮೊಳೆಗೆ ಸರಾಸರಿ 147.65 ಮಿ.ಮೀ. ಸೂರ್ಯ ಒಂದು ರಾಶಿ ದಾಟುವ ದೂರ ಸುಮಾರು 152 ಮಿ.ಮೀ. ಅದಕ್ಕೆ ಚಿಕ್ಕ ಕಬ್ಬಿಣದ ಮೊಳೆ. ಎರಡೂ ಸಾಲನ್ನು ಎಡದಿಂದ ಬಲಕ್ಕೆ ನೋಡುತ್ತಾ ಹೋದರೆ ಹಿತ್ತಾಳೆ ಮೊಳೆ ಪ್ರತಿ ತಿಂಗಳೂ ನಾಲ್ಕೂವರೆ ಮಿಲಿಮೀಟರ್ ಹಿಂದೆ ಬೀಳುತ್ತದೆ. ಎರಡು ಅಮಾವಾಸ್ಯೆಗಳ ನಡುವೆ ಒಂದೂ ಸಂಕ್ರಾಂತಿ ಬೀಳದ ತಿಂಗಳು ಬಂದರೆ ಅದೇ ಅಧಿಕ ಮಾಸ. ಬಾಯಲ್ಲಿ ಎಷ್ಟು ವಿವರಿಸಿದರೂ ಅರ್ಥವಾಗದ ವಿಷಯ ಮೊಳೆಗಳ ಸಾಲಿನಲ್ಲಿ ತಾನಾಗಿ ಅರ್ಥವಾಗುತ್ತದೆ.

1368ರಲ್ಲಿ ಇದು ಇನ್ನೂ ಚೆನ್ನ. ಚೀನೀ ವರ್ಷಕ್ಕೆ ಆಗ ಹದಿಮೂರು ತಿಂಗಳು. ಏಳನೇ ತಿಂಗಳು ಎರಡು ಸಲ ಬಂತು. ಪಟ್ಟಿಯ ಉದ್ದ 384 ದಿನ, 1920 ಮಿ.ಮೀ. ಯೆಹೂದಿಗಳ 5128ರಲ್ಲೂ ಅದಾರ್ ತಿಂಗಳು ಎರಡು ಸಲ ಬಂದು 385 ದಿನ. ನಮ್ಮ ಕೀಲಕದಲ್ಲಿ ಅಧಿಕ ಮಾಸ ಇಲ್ಲ. ಹನ್ನೆರಡೇ ತಿಂಗಳು, ಮುಂದಿನ ಯುಗಾದಿ 1369ರ ಮಾರ್ಚ್ 9–10ರ ಹೊತ್ತಿಗೇ ಬಂದುಬಿಟ್ಟಿತು. ಆಕಾಶ ಒಂದೇ, ಚಂದ್ರ ಒಂದೇ. ಹಾಗಿದ್ದರೂ ಅಧಿಕ ತಿಂಗಳು ಬೇರೆ ಬೇರೆ ಕಡೆ ಯಾಕೆ ಬೀಳುತ್ತದೆ? ಚೀನೀಯರು ಸೂರ್ಯನ ಸ್ಥಾನವನ್ನು ಅಯನ ಮತ್ತು ವಿಷುವದಿಂದ ಅಳೆಯುತ್ತಾರೆ. ನಾವು ನಕ್ಷತ್ರಗಳಿಂದ ಅಳೆಯುತ್ತೇವೆ. 1368ರಲ್ಲಿ ವಿಷುವ ಮಾರ್ಚ್ 12ಕ್ಕೆ, ನಮ್ಮ ಮೇಷ ಸಂಕ್ರಾಂತಿ ಮಾರ್ಚ್ 26ಕ್ಕೆ. ನಡುವೆ ಹದಿನಾಲ್ಕು ದಿನ, 70 ಮಿ.ಮೀ. ಅವರ ಕಬ್ಬಿಣದ ಮೊಳೆಗಳೂ ನಮ್ಮವೂ ಅಷ್ಟು ಜರುಗಿ ನಿಂತಿವೆ. ಆದ್ದರಿಂದ ಅದೇ ಅಮಾವಾಸ್ಯೆಗಳ ನಡುವಿನ ಅದೇ ತಿಂಗಳು ಅವರಿಗೆ ಸಂಕ್ರಮಣ ಇಲ್ಲದ್ದು, ನಮಗೆ ಇರುವಂಥದ್ದು.

ಆ ತಿಂಗಳು ಯಾವುದು ಗೊತ್ತಾ? ಆಗಸ್ಟ್ 14ರ ಅಮಾವಾಸ್ಯೆಯಿಂದ ಶುರುವಾದದ್ದು. ಬುಕ್ಕನ ಶಾಸನದ ಭಾದ್ರಪದ! ಚೀನೀಯರ ಅಧಿಕ ಏಳನೇ ತಿಂಗಳು ಅದೇ. ಹಿಜರಿ 770ರ ಮುಹರ್ರಂ ಅದೇ ಚಂದ್ರನದು. ಯೆಹೂದಿಗಳ ಎಲುಲ್ ತಿಂಗಳೂ ಅದೇ. ಈ ಒಂದು ಚಂದ್ರನಿಗೆ ನಾಲ್ಕು ಸಾಲುಗಳ ಮೇಲೂ ಹಾಯುವಂತೆ ತೆಳುವಾದ ಹಳದಿ ಪಟ್ಟೆ ಬಳಿದಿದ್ದೇನೆ. ಹಲಗೆಯಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು.

ಕೆಂಪು ಗೆರೆಯನ್ನು 1335ಕ್ಕೆ, ಆಗಸ್ಟ್ 24ಕ್ಕೆ ತಂದು ನಿಲ್ಲಿಸಿ. ಮೇಲಿಂದ ಓದಿ. ಶಕ 1290, ಭಾದ್ರಪದ ಶುದ್ಧ ದಶಮಿ. ಹಿಜರಿ 770, ಲೆಕ್ಕದ ಪ್ರಕಾರ ಮುಹರ್ರಂ 9. ಯೆಹೂದಿ 5128, ಎಲುಲ್ 9. ಚೀನಾದಲ್ಲಿ ಅಧಿಕ ಏಳನೇ ತಿಂಗಳ 11. ಅಮಾವಾಸ್ಯೆಯ ದಿನವನ್ನೇ ಅವರು ಒಂದು ಎಂದು ಎಣಿಸುವುದರಿಂದ ನಮಗಿಂತ ಒಂದು ಮುಂದೆ. ಇಥಿಯೋಪಿಯಾದಲ್ಲಿ 1360ರ ಪಾಗುಮೆ 1. ಮೂವತ್ತು ದಿನಗಳ ಹನ್ನೆರಡು ತಿಂಗಳು ಮುಗಿದ ಮೇಲೆ ವರ್ಷದ ಕೊನೆಗೆ ಉಳಿಯುವ ಐದು ದಿನಗಳ ಪುಟ್ಟ ತಿಂಗಳಿದು, ಅದರ ಮೊದಲ ದಿನ. ಕಾನ್ಸ್ಟಾಂಟಿನೋಪಲ್‌ನಲ್ಲಿ 6876 ಮುಗಿಯಲು ಇನ್ನೊಂದು ವಾರ. ಇಂದಿನ ಸ್ಪೇನಿನಲ್ಲಿದ್ದ ಕ್ಯಾಸ್ಟೀಲ್ ರಾಜ್ಯದಲ್ಲಿ ಸ್ಪೇನಿನ ಶಕೆ 1406. ಎಲ್ಲ ಓದಿ ಕೆಳಗೆ ವಾರದ ಪಟ್ಟಿಗೆ ಬಂದರೆ ಗುರುವಾರ.

ಚೀನೀ ಸಾಲನ್ನು ಉದ್ದಕ್ಕೆ ಎರಡಾಗಿ ಸೀಳಿದ್ದೇನೆ. ಒಂದೇ ಪಂಚಾಂಗಕ್ಕೆ ಆ ವರ್ಷ ಇಬ್ಬರು ಯಜಮಾನರು. ಮೇಲರ್ಧ ಯುವಾನ್ ಚಕ್ರವರ್ತಿಯ ಝಿಝೆಂಗ್ ಶಕೆಯ 28ನೇ ವರ್ಷ. ಕೆಳಗಿನರ್ಧ ಮಿಂಗ್ ಚಕ್ರವರ್ತಿಯ ಹೊಂಗ್‌ವು ಶಕೆಯ 1ನೇ ವರ್ಷ. ಜನವರಿ 23ರಂದು, ಮೊದಲ ತಿಂಗಳ ನಾಲ್ಕನೇ ದಿನ, ಝು ಯುವಾನ್‌ಝಾಂಗ್ ಇಂದಿನ ನಾನ್‌ಜಿಂಗ್‌ನಲ್ಲಿ ಮಿಂಗ್ ಚಕ್ರವರ್ತಿ ಎಂದು ಘೋಷಿಸಿಕೊಂಡ. ಸೆಪ್ಟೆಂಬರ್ 10ರಂದು ಯುವಾನ್ ಚಕ್ರವರ್ತಿ ದಾದು, ಅಂದರೆ ಇಂದಿನ ಬೀಜಿಂಗ್ ಬಿಟ್ಟು ಉತ್ತರಕ್ಕೆ ಹೋದ. ಸೆಪ್ಟೆಂಬರ್ 14ಕ್ಕೆ ಮಿಂಗ್ ಸೇನೆ ಊರೊಳಗೆ ಬಂತು. ಮೇಲರ್ಧದ ಪಟ್ಟಿಯನ್ನು ಅಲ್ಲಿಗೆ, 1440ಕ್ಕೆ, ನಿಲ್ಲಿಸಿದೆ. ಯುವಾನರು ಹುಲ್ಲುಗಾವಲಿನಲ್ಲಿ ಆ ಮೇಲೂ ತಮ್ಮ ವರ್ಷ ಎಣಿಸಿದರು. ಹಲಗೆಗೆ ಮಾತ್ರ ರಾಜಧಾನಿಯ ಲೆಕ್ಕ ಸಾಕು ಅನ್ನಿಸಿತು. ಆ ಕೂಡು ಯೆಹೂದಿಗಳ 5129ರ ಕೂಡಿನ ನೇರಕ್ಕೇ ಬಂದಿದೆ. ಸಂಬಂಧ ಏನೂ ಇಲ್ಲ, ಎರಡೂ ಒಂದೇ ಗುರುವಾರ ಅಷ್ಟೇ.

ರಾಜರು ಬದಲಾದರೂ ಲೆಕ್ಕ ಬದಲಾಗಲಿಲ್ಲ. ಮಿಂಗರು ಬಳಸಿದ್ದು 1281ರಲ್ಲಿ ಗುವೊ ಶೌಜಿಂಗ್ ಮತ್ತು ಜೊತೆಗಾರರು ಯುವಾನರಿಗಾಗಿ ಮಾಡಿಕೊಟ್ಟ ಪಂಚಾಂಗದ ಲೆಕ್ಕವನ್ನೇ. ಅದರಲ್ಲಿ ವರ್ಷಕ್ಕೆ 365.2425 ದಿನ. ಮುನ್ನೂರು ವರ್ಷ ಕಳೆದ ಮೇಲೆ ಗ್ರೆಗೋರಿಯನ್ ಪದ್ಧತಿ ಹಿಡಿದದ್ದೂ ಅದೇ ಸಂಖ್ಯೆ.

ಚೀನೀ ಅರವತ್ತು ವರ್ಷಗಳ ಚಕ್ರದಲ್ಲಿ ಇದು ವುಶೆನ್, ಮಣ್ಣಿನ ಕೋತಿಯ ವರ್ಷ. ದಕ್ಷಿಣ ಭಾರತದ ಸಂವತ್ಸರ ಚಕ್ರವೂ ಅರವತ್ತೇ. ಉತ್ತರದಲ್ಲಿ ಗುರುಗ್ರಹದ ನಡಿಗೆ ನೋಡಿ ಎಂಬತ್ತೈದು ವರ್ಷಕ್ಕೊಮ್ಮೆ ಒಂದು ಹೆಸರು ಬಿಡುತ್ತಾರೆ. ನಾವು ಬಿಡುವುದಿಲ್ಲ. ಹಾಗಾಗಿ ನಮ್ಮ ಕೀಲಕ ಬಂದಾಗಲೆಲ್ಲ ಅಲ್ಲಿ ವುಶೆನ್. 1968ರಲ್ಲೂ ಹಾಗೇ ಇತ್ತು, 2028ರಲ್ಲೂ ಹಾಗೇ ಇರುತ್ತದೆ.

ಕಲಬುರಗಿಯ ಸಾಲು

ಈ ಹಲಗೆ ಯಾಕೆ ಬೇಕು ಅನ್ನುವುದಕ್ಕೆ ಕಲಬುರಗಿ ಕೋಟೆಯ ಜಾಮಾ ಮಸೀದಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಪುಸ್ತಕಗಳಲ್ಲಿ ಅದರ ಕಾಲ 1367 ಅಂತ ಇರುತ್ತದೆ. ಶಾಸನದಲ್ಲಿರುವುದು ಹಿಜರಿ 769. ಈಗ ಹಿಜರಿ ಸಾಲಿನ ತಿಳಿ ಮರವನ್ನು ನೋಡಿ. 769 ನಡೆದದ್ದು 1367ರ ಆಗಸ್ಟ್ 28ರಿಂದ 1368ರ ಆಗಸ್ಟ್ 15ರವರೆಗೆ. ಒಟ್ಟು 354 ದಿನ. ಅದರಲ್ಲಿ 1367ಕ್ಕೆ ಸೇರುವುದು 126 ದಿನ. 1368ಕ್ಕೆ ಸೇರುವುದು 228. ವರ್ಷದ ಸಂಖ್ಯೆಯೊಂದೇ ಕೈಯಲ್ಲಿದ್ದರೆ 1367–68 ಅಂತ ಬರೆಯುವುದೇ ಪ್ರಾಮಾಣಿಕ. ಆ ಸಣ್ಣ ಅಡ್ಡಗೆರೆ ಬಿಟ್ಟುಬಿಟ್ಟರೆ ಕಟ್ಟಡವೊಂದು ಸುಮ್ನೆ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ. ಶಕ ವರ್ಷದ ಶಾಸನಗಳಿಗೂ ಇದೇ ಮಾತು. ಪುಷ್ಯ, ಮಾಘ, ಫಾಲ್ಗುಣದ ತಾರೀಖು ಇದ್ದರೆ 78 ಕೂಡಿಸಿ ಬಿಟ್ಟರೆ ಸಾಲದು, ಮುಂದಿನ ವರ್ಷಕ್ಕೆ ಹೋಗಿರಬಹುದು. ಕೀಲಕದ ಮಾಘ 1369ರಲ್ಲಿದೆ.

ಯುರೋಪಿನ ಮೂರು ಸಾಲು

ಯುರೋಪಿಗೆ ಒಂದೇ ಸಾಲು ಸಾಕು ಅಂತ ಮೊದಲು ಅಂದುಕೊಳ್ಳುವುದು ಸಹಜ. ತಿಂಗಳು, ದಿನ ಎಲ್ಲ ಕಡೆ ಒಂದೇ. ವರ್ಷ ಏರುವ ದಿನ ಮಾತ್ರ ಬೇರೆ. ಫ್ಲಾರೆನ್ಸ್‌ನಲ್ಲಿ ಮಾರ್ಚ್ 25ಕ್ಕೆ ವರ್ಷ ಬದಲು. ಅಂದರೆ ಮಿಂಗ್ ಚಕ್ರವರ್ತಿ ಪಟ್ಟಕ್ಕೆ ಬಂದ ಜನವರಿ 23 ಫ್ಲಾರೆನ್ಸ್‌ನ ಲೆಕ್ಕದಲ್ಲಿ ಇನ್ನೂ 1367. ಪೀಸಾದವರೂ ಮಾರ್ಚ್ 25ನ್ನೇ ಹಿಡಿದರು, ಆದರೆ ಒಂದು ವರ್ಷ ಮೊದಲೇ. ಅರ್ನೋ ನದಿಯ ದಂಡೆಯ ಮೇಲಿನ ಈ ಎರಡು ಊರುಗಳಲ್ಲಿ ಯಾವತ್ತೂ ಒಂದು ವರ್ಷದ ವ್ಯತ್ಯಾಸ. 1368ರ ಏಪ್ರಿಲ್ ಒಂದರಂದು ಫ್ಲಾರೆನ್ಸ್‌ನಲ್ಲಿ 1368, ಪೀಸಾದಲ್ಲಿ 1369. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಬರೆದೆ. ಕೂಡು ಒಂದೇ ಕಡೆ ಇರುವುದರಿಂದ ಸಾಧ್ಯವಾಯಿತು.

ಫ್ರಾನ್ಸ್‌ನ ಪಟ್ಟಿ ಇನ್ನೂ ವಿಚಿತ್ರ. ಅಲ್ಲಿ ವರ್ಷ ಏರುತ್ತಿದ್ದದ್ದು ಈಸ್ಟರ್ ಹಬ್ಬಕ್ಕೆ. ಈಸ್ಟರ್ ಚಂದ್ರನನ್ನು ನೋಡಿ ಬರುವ ಹಬ್ಬ, ದಿನ ನಿಲ್ಲುವುದಿಲ್ಲ. 1368ರಲ್ಲಿ ಏಪ್ರಿಲ್ 9, 1369ರಲ್ಲಿ ಏಪ್ರಿಲ್ 1. ಅಲ್ಲಿಗೆ ಫ್ರಾನ್ಸ್‌ನ 1368ಕ್ಕೆ 357 ದಿನ, 1785 ಮಿ.ಮೀ. ಆ ವರ್ಷದಲ್ಲಿ ಏಪ್ರಿಲ್ 1ರಿಂದ 8ರವರೆಗಿನ ದಿನಗಳೇ ಇಲ್ಲ. ಅದರ ಮುಂದಿನ ವರ್ಷ 1370ರ ಏಪ್ರಿಲ್ 13ರವರೆಗೆ ನಡೆಯಿತು, ಅದರಲ್ಲಿ ಏಪ್ರಿಲ್‌ನ ಮೊದಲ ಹದಿಮೂರು ದಿನ ಎರಡೆರಡು ಸಲ. ಸೂರ್ಯನ ಪಂಚಾಂಗ ಅಂದುಕೊಂಡದ್ದಕ್ಕೆ ಚಂದ್ರ ಹೀಗೆ ಒಳಗಿನಿಂದ ಕೈ ಹಾಕಿದ್ದಾನೆ. ಆ ಪಟ್ಟಿ ಹಲಗೆಯ ಬಲ ಅಂಚಿಗೆ, 2435ಕ್ಕೆ, ಸರಿಯಾಗಿ ಮುಗಿಯುತ್ತದೆ.

ಕ್ಯಾಸ್ಟೀಲ್ ಸಾಲು ಜನವರಿ 1ರ ಸಾಲಿನ ಉದ್ದವೇ. ಸಂಖ್ಯೆ ಮಾತ್ರ 38 ಜಾಸ್ತಿ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 1383ರಲ್ಲಿ ಅವರು ಅದನ್ನು ಬಿಟ್ಟರು.

ಬರಹ ಮತ್ತು ಗೆರೆ

5 ಮಿ.ಮೀ. ಜಾಗದಲ್ಲಿ ಪ್ರತಿ ದಿನಕ್ಕೂ ಅಂಕಿ ಬರೆಯಲಾಗದು. ಪ್ರತಿ ದಿನಕ್ಕೆ ಚಾಕುವಿನ ಸಣ್ಣ ಕಚ್ಚು, ಐದನೇ ದಿನಕ್ಕೆ ಉದ್ದ ಕಚ್ಚು, ತಿಂಗಳ ಮೊದಲ ದಿನಕ್ಕೆ ಪಟ್ಟಿಯ ಪೂರ್ತಿ ಅಗಲಕ್ಕೆ ಗೆರೆ. ತಿಂಗಳ ಹೆಸರುಗಳನ್ನು ಕಾಗದದಲ್ಲಿ ಬರೆದುಕೊಂಡು, ಕಾರ್ಬನ್ ಹಾಳೆ ಇಟ್ಟು ಮರದ ಮೇಲೆ ಇಳಿಸಿ, ಸಣ್ಣ ಬ್ರಷ್‌ನಲ್ಲಿ ಎನಾಮೆಲ್ ತುಂಬಿದೆ. ಎಲ್ಲವೂ ಕನ್ನಡ ಅಕ್ಷರ. ಬರೆಯುವ ಮೊದಲು ಒಂದು ಕೈ ತೆಳು ವಾರ್ನಿಷ್ ಹೊಡೆಯಲೇಬೇಕು. ಇಲ್ಲದಿದ್ದರೆ ಸಿಲ್ವರ್ ಓಕ್‌ನ ಎಳೆಗಳಲ್ಲಿ ಬಣ್ಣ ಹರಿದು ಅಕ್ಷರ ಒಡೆಯುತ್ತದೆ.

ಸರಿಯುವ ತುಂಡು 3 ಮಿ.ಮೀ. ಆಕ್ರಿಲಿಕ್, 60 ಮಿ.ಮೀ. ಅಗಲ. ಕೆಂಪು ಗೆರೆಯನ್ನು ಅದರ ಹಿಂಬದಿಯಲ್ಲಿ ಗೀರಿದ್ದೇನೆ. ಇದು ಮುಖ್ಯ. ಮುಂಬದಿಯಲ್ಲಿ ಗೀರಿದರೆ ಗೆರೆಗೂ ಮರಕ್ಕೂ ನಡುವೆ ಅಂತರ ಬಂದು, ಓರೆಯಾಗಿ ನಿಂತು ನೋಡುವವರಿಗೆ ಒಂದು ದಿನ ಆಚೀಚೆ ಕಾಣುತ್ತದೆ. ಕೆಲವರು ಎಡದಿಂದ, ಕೆಲವರು ಬಲದಿಂದ ನೋಡುವ ಹಲಗೆಯಲ್ಲಿ ಅದು ನಡೆಯದು. ಗೀರಿದ ಸಾಲಿಗೆ ಕೆಂಪು ಎನಾಮೆಲ್ ಸವರಿ, ಒಣಗುವ ಮೊದಲು ಬಟ್ಟೆಯಲ್ಲಿ ಒರೆಸಿದರೆ ಗೀರಿನೊಳಗಿನ ಬಣ್ಣ ಮಾತ್ರ ಉಳಿಯುತ್ತದೆ. ಮೇಲೆ ಕೆಳಗೆ ಕಿಟಕಿಗೆ ಹಾಕುವ ಅಲ್ಯೂಮಿನಿಯಂ ಟ್ರ್ಯಾಕ್, ಅದರಲ್ಲಿ ಪುಟ್ಟ ಚಕ್ರಗಳು. ಮೇಲಿನ ಟ್ರ್ಯಾಕ್ ಭಾರ ಹೊರುತ್ತದೆ, ಕೆಳಗಿನದು ತುಂಡು ಅಲುಗಾಡದಂತೆ ಹಿಡಿಯುತ್ತದೆ ಅಷ್ಟೇ. ಗೆರೆ ನೆಟ್ಟಗಿದೆಯಾ ಅಂತ ನೋಡಲು ಜನವರಿ 1ರ ಸಾಲಿನ ಕೂಡು ಮತ್ತು ಕ್ಯಾಸ್ಟೀಲ್ ಸಾಲಿನ ಕೂಡು ಸಾಕು. ಒಂದನ್ನು ಮೇಲ್ತುದಿಯಲ್ಲೂ ಇನ್ನೊಂದನ್ನು ಕೆಳತುದಿಯಲ್ಲೂ ಇಟ್ಟದ್ದು ಅದಕ್ಕೇ. ಎರಡೂ 155ರಲ್ಲಿ ಗೆರೆಯ ಕೆಳಗೆ ಒಟ್ಟಿಗೆ ಬಂದರೆ ಹಲಗೆ ಸರಿ ಇದೆ.

ಗೋಡೆಗೆ ನೇತುಹಾಕಲು 45 ಡಿಗ್ರಿ ಓರೆಗೆ ಸೀಳಿದ ಎರಡು ತೇಗದ ಪಟ್ಟಿ. ಒಂದು ಗೋಡೆಗೆ, ಒಂದು ಹಲಗೆಯ ಬೆನ್ನಿಗೆ. ಒಂದರೊಳಗೊಂದು ಕೂತು ಭಾರವನ್ನು ಉದ್ದಕ್ಕೂ ಹಂಚಿಕೊಳ್ಳುತ್ತವೆ. ಬೇಕಾದಾಗ ಇಬ್ಬರು ಸೇರಿ ಮೇಲೆತ್ತಿ ಇಳಿಸಬಹುದು.

ಇನ್ನು ಉಳಿದಿರುವುದು ಕೊಲ್ಲಂ ವರ್ಷದ ತುಂಡು. ಈಗ ಸೌರ ಸಾಲಿನಲ್ಲಿ ಅದಕ್ಕೆ ಕಚ್ಚು ಮಾತ್ರ ಇದೆ. ಕೇರಳದ ತೆಂಕಣ ಭಾಗದಲ್ಲಿ ಕೊಲ್ಲಂ 544 ಚಿಂಗಂ, ಅಂದರೆ ಸಿಂಹ ಮಾಸದ ಮೊದಲ ದಿನಕ್ಕೆ ಶುರು. ಆಗಿನ ಜುಲೈ 29–30. ಬಡಗಣ ಮಲಬಾರಿನಲ್ಲಿ ಕನ್ಯಾ ಮಾಸಕ್ಕೆ, ಆಗಸ್ಟ್ 29–30. ನಡುವಿನ ಒಂದು ತಿಂಗಳು ತೆಂಕಣದಲ್ಲಿ 544, ಬಡಗಣದಲ್ಲಿ 543. ಹಲಗೆಯಲ್ಲಿ ಅದು 1205ರಿಂದ 1360ರವರೆಗೆ, ಹೆಚ್ಚುಕಡಿಮೆ 155 ಮಿ.ಮೀ. ಪೀಸಾ ಮತ್ತು ಫ್ಲಾರೆನ್ಸ್‌ನಂತೆ ಇದಕ್ಕೂ ಮೇಲೆ ಕೆಳಗೆ ಎರಡು ಅರ್ಧ ಬೇಕು, ಆದರೆ ಕೂಡುಗಳು ಬೇರೆ ಬೇರೆ ಕಡೆ. ತೇಗದ ತುಂಡು 20 ಮಿ.ಮೀ. ಅಗಲಕ್ಕೆ ಸೀಳಿ ಒಣಗಲು ಇಟ್ಟಿದ್ದೇನೆ. ಸೌರ ಸಾಲಿನ ಸ್ಕ್ರೂಗಳನ್ನು ಬಿಚ್ಚಿ ಅದನ್ನು ಕೂರಿಸಬೇಕು.